ಇಂದಿನ ಧಮ್ಮ ಚಿಂತನೆ: ಒದೆ ತಿಂದ ಯಂತ್ರ



ಚಕ್ರ ಉರುಳದ ಕಲ್ಲುಗುಡ್ಡಗಳಲ್ಲಿ ಸೈನಿಕರ ಹೊರೆ ಹೊರಲೆಂದು ಅಮೆರಿಕದ ಬೋಸ್ಟನ್ ಡೈನಾಮಿಕ್ಸ್ ಕಂಪನಿ 2005ರಲ್ಲಿ 'ಬಿಗ್‌ಡಾಗ್' ಎಂಬ ನಾಲ್ಕು ಕಾಲಿನ ರೋಬೋಟ್ ಮಾಡಿತು. 2015ರಲ್ಲಿ ಅದರ ತಮ್ಮನಂತೆ 'ಸ್ಪಾಟ್' ಬಂತು. ವಿಡಿಯೋದಲ್ಲಿ, ಸಮತೋಲ ಪರೀಕ್ಷಿಸಲು ಒಬ್ಬಾತ ಅದನ್ನು ಒದೆಯುತ್ತಾನೆ. ಅದು ತತ್ತರಿಸಿ, ಕಾಲೂರಿ ನಿಲ್ಲುತ್ತದೆ. ನೋಡಿದ ಎಷ್ಟೋ ಜನ 'ಅಯ್ಯೋ ಪಾಪ' ಎಂದರು.

ಯಂತ್ರಕ್ಕೆ ವೇದನೆಯಿಲ್ಲ, ವೇದನೆಯಿಲ್ಲದಲ್ಲಿ ದುಃಖವಿಲ್ಲ. ಆದರೂ ಮನಸ್ಸು ಮಿಡಿಯಿತು. ಹಾಗೆ ಮಿಡಿಯುವ ಮನಸ್ಸು, ನಮ್ಮ ಬೀದಿಯ ಮ್ಯಾನ್‌ಹೋಲಿಗೆ ಇಳಿಯುವ ಮನುಷ್ಯನನ್ನು ಕಂಡೂ ದಾಟಿಹೋಗುವುದೇಕೆ? 2013ರಲ್ಲೇ ನಿಷೇಧದ ಕಾನೂನು ಬಂದಿದೆ. 2018ರಲ್ಲಿ ಕೇರಳದಲ್ಲಿ 'ಬ್ಯಾಂಡಿಕೂಟ್' ಎಂಬ ರೋಬೋಟ್ ಮ್ಯಾನ್‌ಹೋಲ್ ಶುಚಿಗೊಳಿಸಿ ತೋರಿಸಿದೆ. ಆದರೂ ಮನುಷ್ಯ ಇಳಿಯುತ್ತಲೇ ಇದ್ದಾನೆ. 'ಅದು ಅವನ ಕೆಲಸ' ಎಂದು ಜಾತಿ ನಮ್ಮ ಕಣ್ಣಿಗೆ ಪಾಠ ಮಾಡಿಬಿಟ್ಟಿದೆ.

ಬಾಬಾಸಾಹೇಬರು ಪ್ರಜ್ಞೆ, ಕರುಣೆ, ಸಮತೆ ಮೂರನ್ನೂ ಜೊತೆಯಾಗಿ ಹೇಳಿದರು. ಸಮತೆಯಿಲ್ಲದ ಕರುಣೆ ತನಗೆ ಇಷ್ಟವಾದ ಕಡೆಗಷ್ಟೇ ಹರಿಯುತ್ತದೆ. ಪ್ರಜ್ಞೆಯೋ, ಯಾರ ಹೊರೆಯನ್ನು ಹೊರೆಯೆಂದು ಲೆಕ್ಕಕ್ಕೆ ತೆಗೆದುಕೊಂಡಿರಿ ಎಂದು ಕೇಳುತ್ತದೆ.

ಇಂದು ನಮ್ಮ ಬೀದಿಯಲ್ಲಿ ಯಾರಾದರೂ ಗುಂಡಿಗೆ ಇಳಿಯುವುದು ಕಂಡರೆ ನಿಲ್ಲೋಣ, ತಡೆಯೋಣ, ಯಂತ್ರ ಎಲ್ಲಿ ಎಂದು ಕೇಳೋಣ.

ಭವತು ಸಬ್ಬ ಮಂಗಲಂ.