ಮನೆ ಬಿಡುವ ವಿವೇಕ

ಬಿಡಲೇಬೇಕಾದ ಮನೆಯನ್ನು ಬಿಡಲು ಮೊದಲೇ ಸಿದ್ಧವಾಗುವುದು ಮನೆಯ ಮೇಲಣ ಪ್ರೀತಿಗೆ ಕುಂದೆ? ಕೃಷ್ಣೆ, ದೂಧಗಂಗೆ, ವೇದಗಂಗೆಗಳ ನೀರುಂಡು ಬಾಳುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಜನರಿಗೆ ಇದು ಬರಿಯ ತರ್ಕದ ಪ್ರಶ್ನೆಯಲ್ಲ. 2005, 2019, 2021ರ ಮಹಾಪೂರಗಳಲ್ಲಿ ಈ ಭಾಗದ ಅನೇಕ ಮನೆತನಗಳು ಹೊಸ್ತಿಲನ್ನು ನೀರಿಗೊಪ್ಪಿಸಿ ಹೊರಟವು.

ಇಲ್ಲಿಯ ಮಹಾಪೂರಕ್ಕೊಂದು ಗುಣವುಂಟು. ಅದು ಬಹುಮಟ್ಟಿಗೆ ಹೇಳಿ ಬರುತ್ತದೆ. ಸಹ್ಯಾದ್ರಿಯಲ್ಲಿ ಮಳೆ ಬಲಿತು ಕೊಯ್ನಾ ಅಣೆಕಟ್ಟಿನಿಂದ ಬಿಟ್ಟ ನೀರು ನಮ್ಮ ದಂಡೆಯನ್ನು ಮುಟ್ಟಲು ಹೊತ್ತು ಹಿಡಿಯುತ್ತದೆ. ಕಲ್ಲೋಳ–ಯಡೂರ ಸೇತುವೆ ಮುಳುಗಿತೆಂಬ ಸುದ್ದಿಯೇ ಒಂದು ಡಂಗುರ. ಆದರೂ ಮನುಷ್ಯನು ಕಾಯುತ್ತಾನೆ. ಗಂಟು ಕಟ್ಟುವುದೇ ಅಪಶಕುನವೆಂದು ಅವನ ಮನಸ್ಸು ಅಳುಕುತ್ತದೆ.

ಅವಸರದಲ್ಲಿ ಹೊರಟವನಿಗೆ ಕೈಗೆ ಸಿಕ್ಕಿದ್ದೇ ಸೊತ್ತು. ಹೊಲದ ಉತಾರ, ಮಕ್ಕಳ ಶಾಲೆಯ ದಾಖಲೆ, ಮುದುಕರ ಔಷಧ ಇವು ಹಿಂದುಳಿಯುತ್ತವೆ. ಆದುದರಿಂದ ಮುಂಜಾಗ್ರತೆಯೆಂಬುದು ಸಾಮಾನುಗಳ ಲೆಕ್ಕವಲ್ಲ; ತಾವಾಗಿ ನಡೆಯಲಾರದವರನ್ನು ಮೊದಲು ನೆನೆಯುವ ಧರ್ಮ. ತಡಮಾಡಿದವನು ತನ್ನ ಪ್ರಾಣವನ್ನಷ್ಟೇ ಅಲ್ಲ, ತನ್ನನ್ನು ಕರೆತರಲು ದೋಣಿ ಹೂಡುವವನ ಪ್ರಾಣವನ್ನೂ ಪಣಕ್ಕಿಡುತ್ತಾನೆ.

ಆದರೆ ದನಗಳನ್ನು ಬಿಟ್ಟು ಬರಲಾರೆನೆಂದು ನಿಂತ ರೈತನನ್ನು ಹಟಮಾರಿಯೆನ್ನುವ ಮೊದಲು, ಅವುಗಳಿಗೆ ಮೇವು-ನೆಲೆಗಳನ್ನು ಗೊತ್ತುಮಾಡಿದ್ದೇವೆಯೇ ಎಂದು ನಾವು ಕೇಳಿಕೊಳ್ಳಬೇಕು. ಹೊರಡುವ ಸಿದ್ಧತೆ ಒಬ್ಬನದಾದರೆ, ಬರಮಾಡಿಕೊಳ್ಳುವ ಸಿದ್ಧತೆ ಊರಿನದು. ಸ್ಥಾವರವನ್ನು ಬಿಟ್ಟು ಜಂಗಮವನ್ನು ಉಳಿಸಿಕೊಳ್ಳುವುದು ಪ್ರೀತಿಯ ಕುಂದಲ್ಲ. ಗೋಡೆಗಳೊಳಗೆ ಬಾಳಿದವರಿಂದಲೇ ಅದು ಮನೆಯಾಗಿತ್ತೆಂಬ ಅರಿವು.