ಕೂಟಲೇಖವೂ ಕೃತಕ ಬುದ್ಧಿಯೂ

ಕೃತಕ ಬುದ್ಧಿಮತ್ತೆಯ ಉಪಕರಣಗಳಿಂದ ಸುಳ್ಳು ಸುದ್ದಿಯನ್ನು ಪತ್ತೆಹಚ್ಚುವ ಬಗೆಯನ್ನು ಪತ್ರಕರ್ತರಿಗೆ ಕಲಿಸುವ ಶಿಬಿರಗಳು ಈಚೆಗೆ ಹಲವೆಡೆ ನಡೆಯುತ್ತಿವೆ. ಉದ್ದೇಶವು ಸ್ತುತ್ಯವೇ ಸರಿ. ಆದರೆ ಸತ್ಯಾಸತ್ಯಗಳ ವಿವೇಚನೆಯನ್ನು ಯಂತ್ರಕ್ಕೆ ಒಪ್ಪಿಸಬಹುದೇ, ಒಪ್ಪಿಸಿದಲ್ಲಿ ಅದರ ಹೊಣೆ ಯಾರದು ಎಂಬ ಪ್ರಶ್ನೆಯನ್ನು ತಂತ್ರಜ್ಞರಿಗಷ್ಟೇ ಬಿಡತಕ್ಕುದಲ್ಲ. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು, ಎಂದರೆ ಸುಳ್ಳು ಬರಹವನ್ನು ಸೃಷ್ಟಿಸುವುದನ್ನು, ಎಣಿಸಿದ ನಮ್ಮ ಆಚಾರ್ಯರಿಗೆ ಈ ವಿಷಯವು ತೀರ ಅಪರಿಚಿತವೆನಿಸುತ್ತಿರಲಿಲ್ಲ.

2018ರ ಬೇಸಗೆಯಲ್ಲಿ ಒಂದು ದೃಶ್ಯತುಣುಕು ಕರ್ನಾಟಕವೂ ಸೇರಿದಂತೆ ದೇಶದ ಅನೇಕ ಕಡೆ ವಾಟ್ಸ್‌ಆ್ಯಪ್ ಮೂಲಕ ಹರಡಿತು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯವದು. ವಾಸ್ತವವಾಗಿ ಅದು ಕರಾಚಿಯ ಸೇವಾಸಂಸ್ಥೆಯೊಂದು ಮಕ್ಕಳ ಸುರಕ್ಷತೆಯ ಬಗ್ಗೆ ಜನಜಾಗೃತಿಗಾಗಿ ನಟಿಸಿ ಚಿತ್ರಿಸಿದ್ದು. ಆ ಇಬ್ಬರೂ ಮರಳಿ ಬಂದು ಮಗುವನ್ನು ಬಿಟ್ಟು, ಎಚ್ಚರಿಕೆಯ ಫಲಕವನ್ನು ತೋರಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿಬಿಟ್ಟಿದ್ದರು. ಅದೇ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸ ಅರಸಿ ಬಂದಿದ್ದ ತರುಣನೊಬ್ಬನನ್ನು ಮಕ್ಕಳ ಕಳ್ಳನೆಂದು ಬಗೆದು ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವ ಇಂಜಿನಿಯರೊಬ್ಬರು ಇದೇ ಬಗೆಯ ವದಂತಿಗೆ ಬಲಿಯಾದರು. ಅವರ ಜೊತೆಯವರು ಮಕ್ಕಳಿಗೆ ಚಾಕೊಲೇಟ್ ಹಂಚಿದ್ದೇ ಸಂಶಯಕ್ಕೆ ಕಾರಣವಾಗಿತ್ತು. ಅವರ ವಾಹನ ಮುರ್ಕಿಯನ್ನು ತಲಪುವ ಮೊದಲೇ ಸಂದೇಶವು ಅಲ್ಲಿಗೆ ತಲಪಿತ್ತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಕರಾಚಿಯ ಆ ತುಣುಕಿನಲ್ಲಿ ಕೃತಕವಾಗಿ ಸೃಷ್ಟಿಸಿದ ಒಂದು ಚೌಕಟ್ಟೂ ಇರಲಿಲ್ಲ. ಯಂತ್ರದಿಂದ ರಚಿತವಾದ ಮುಖ, ಧ್ವನಿಗಳನ್ನು ಗುರುತಿಸುವ ಉಪಕರಣಕ್ಕೆ ಅದನ್ನು ಕೊಟ್ಟಿದ್ದರೆ, ಸರಿಯಾಗಿ ಕೆಲಸ ಮಾಡುವ ಉಪಕರಣವು ಅಸಲಿಯೆಂದೇ ಹೇಳಬೇಕು. ಚಿತ್ರ ಅಸಲಿ, ಅದರ ಮೇಲೆ ಹೊರಿಸಿದ ಅರ್ಥ ಮಾತ್ರ ಸುಳ್ಳು. ಲೆಕ್ಕಪತ್ರ ಬಲ್ಲವರಿಗೆ ಇದು ಸುಲಭವಾಗಿ ತಿಳಿದೀತು: ಕೂಡಿಕೆಯಲ್ಲಿ ತಪ್ಪಿಲ್ಲದ ಖಾತೆಯ ಪುಸ್ತಕದಲ್ಲಿಯೂ ಇಲ್ಲದ ಗಿರಾಕಿಯ ಹೆಸರಿನಲ್ಲಿ ಬಿಲ್ಲು ಇರಬಹುದು. ಅದನ್ನು ಹಿಡಿಯಲು ಬಿಲ್ಲಿನ ಮೂಲಕ್ಕೆ ಹೋಗಲೇಬೇಕು. ದೃಶ್ಯವನ್ನು ಬಿಡಿಚಿತ್ರಗಳಾಗಿ ಒಡೆದು, ಅವು ಹಿಂದೆ ಎಲ್ಲಿ ಪ್ರಕಟವಾಗಿದ್ದವೆಂದು ಹುಡುಕಿಕೊಡುವ ಇನ್‌ವಿಡ್‌ನಂಥ ಸಾಧನಗಳು ಇಂತಹ ಶೋಧಕ್ಕೆ ನೆರವಾಗುತ್ತವೆ. ಆದರೆ ಹುಡುಕಬೇಕೆಂಬ ಸಂಶಯ ಮೊದಲು ಮನುಷ್ಯನಲ್ಲಿ ಹುಟ್ಟಬೇಕು.

ಅದೇ 2018ರಲ್ಲಿ ಗೂಗಲ್ ಸಂಸ್ಥೆಯು ಭಾರತದ 8,000 ಪತ್ರಕರ್ತರಿಗೆ ಪರಿಶೀಲನೆಯ ತರಬೇತಿ ಕೊಡುವ ಯೋಜನೆಯನ್ನು ಘೋಷಿಸಿತು. ಏಳು ಭಾಷೆಗಳಲ್ಲಿ ಕನ್ನಡವೂ ಒಂದಾಗಿತ್ತು. ಭಾಷೆಯ ಈ ಮಾತು ಸಣ್ಣದಲ್ಲ. 2023ರ ಜನವರಿಯಲ್ಲಿ ಓಪನ್ಎಐ ಸಂಸ್ಥೆಯು ಯಂತ್ರರಚಿತ ಬರಹವನ್ನು ಗುರುತಿಸುವ ಸಾಧನವೊಂದನ್ನು ಹೊರತಂದಿತು. ಸಂಸ್ಥೆಯೇ ಪ್ರಕಟಿಸಿದ ಪ್ರಕಾರ, ಅದು ಯಂತ್ರದ ಬರಹಗಳಲ್ಲಿ ಶೇಕಡಾ 26ನ್ನು ಮಾತ್ರ ಗುರುತಿಸುತ್ತಿತ್ತು. ಮನುಷ್ಯರು ಬರೆದುದರಲ್ಲಿ ಶೇಕಡಾ 9ನ್ನು ಯಂತ್ರದ್ದೆಂದು ತಪ್ಪಾಗಿ ಹೇಳುತ್ತಿತ್ತು. ಅದೂ ಇಂಗ್ಲಿಷಿನಲ್ಲಿ. ಇತರ ಭಾಷೆಗಳಲ್ಲಿ ಫಲಿತಾಂಶ ಇನ್ನೂ ಕಳಪೆಯೆಂದು ಅವರೇ ಎಚ್ಚರಿಸಿದ್ದರು. ಜುಲೈನಲ್ಲಿ ಅದನ್ನು ಹಿಂತೆಗೆದುಕೊಂಡರು. ತಮ್ಮ ಸರಕಿನ ಕುಂದನ್ನು ತಾವೇ ಅಂಕಿಗಳಲ್ಲಿ ಹೇಳಿದ ಆ ಪ್ರಾಮಾಣಿಕತೆಯನ್ನು ವ್ಯಾಪಾರಿಯಾಗಿ ನಾನು ಮೆಚ್ಚುತ್ತೇನೆ.

ಸ್ಯಾದ್ವಾದದ 'ಸ್ಯಾತ್' ಎಂಬ ಪದಕ್ಕೆ 'ಬಹುಶಃ' ಎಂದು ಅರ್ಥ ಹೇಳುವವರಿದ್ದಾರೆ. ಅದು ಸಂಶಯವಾದವಾದೀತು. 'ಒಂದು ಅಪೇಕ್ಷೆಯಿಂದ' ಎಂಬುದೇ ಸರಿಯಾದ ಅರ್ಥ. ಯಂತ್ರದ ತೀರ್ಪನ್ನೂ ಹೀಗೆಯೇ ಗ್ರಹಿಸುವುದು ಯುಕ್ತ. ಯಾವ ಭಾಷೆಯ, ಯಾವ ಬಗೆಯ ಮಾದರಿಗಳಿಂದ ಅದು ಕಲಿತಿದೆಯೋ ಆ ಅಪೇಕ್ಷೆಯಿಂದ ಮಾತ್ರ ಅದರ ಮಾತು ನಿಲ್ಲುತ್ತದೆ. ಆ ಅಪೇಕ್ಷೆಯನ್ನು ಕಳಚಿ, 'ನಕಲಿ' ಎಂಬ ಒಂದೇ ಪದವನ್ನು ದಪ್ಪಕ್ಷರದ ಶೀರ್ಷಿಕೆಯಾಗಿಸುವ ಸಂಪಾದಕನು ಏಕಾಂತಕ್ಕೆ ಇಳಿದಂತೆಯೇ. ತರಬೇತಿಯಲ್ಲಿ ಗುಂಡಿ ಒತ್ತುವುದನ್ನು ಕಲಿಸಲು ಅರ್ಧ ದಿನ ಸಾಕು. ಈ ಸಂಯಮವನ್ನು ಕಲಿಸಲು ಎಷ್ಟು ದಿನ ಬೇಕೋ!

ಇನ್ನು ಹೊಣೆಯ ಪ್ರಶ್ನೆ. ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಗೆಯ ಕರ್ತೃತ್ವವನ್ನು ನಾವು ಬಾಲ್ಯದಿಂದಲೇ ಕೇಳುತ್ತ ಬಂದವರು. ಯಂತ್ರಕ್ಕೆ ಕಷಾಯವಿಲ್ಲ, ಆದುದರಿಂದ ಅದಕ್ಕೆ ಪಾಪವೂ ಇಲ್ಲ. ಅದರಿಂದ ಸುಳ್ಳನ್ನು ಮಾಡಿಸಿದವನಿಗೆ ಇದೆ, ಮೆಚ್ಚಿ ಮುಂದೆ ಕಳುಹಿಸಿದವನಿಗೂ ಇದೆ. 2018ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಟ್ವಿಟರ್‌ನಲ್ಲಿ ಹರಿದಾಡಿದ ಸುಮಾರು 1,26,000 ಸುದ್ದಿಗಳನ್ನು ಪರಿಶೀಲಿಸಿ, ಸುಳ್ಳು ಮರುಪ್ರಸಾರಗೊಳ್ಳುವ ಸಂಭವವು ಸತ್ಯಕ್ಕಿಂತ ಶೇಕಡಾ 70ರಷ್ಟು ಹೆಚ್ಚೆಂದು ತೋರಿಸಿತು. ಈ ಅಂತರಕ್ಕೆ ಕಾರಣ ಸ್ವಯಂಚಾಲಿತ ಖಾತೆಗಳಲ್ಲ, ಮನುಷ್ಯರೇ ಎಂದೂ ಹೇಳಿತು. ನಮ್ಮ ಬಸದಿಯ ಟ್ರಸ್ಟುಗಳ, ಕುಟುಂಬಗಳ ವಾಟ್ಸ್‌ಆ್ಯಪ್ ಬಳಗಗಳು ಈ ಎಣಿಕೆಯ ಹೊರಗಿವೆಯೆಂದು ನಂಬಲು ನನಗೆ ಕಾರಣ ಕಾಣದು.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಇದರ ಮರುಮುಖ. ನಕಲಿಯನ್ನು ಸೃಷ್ಟಿಸುವುದು ಸುಲಭವಾದಂತೆ, ಅಸಲಿಯನ್ನು ನಕಲಿಯೆಂದು ತಳ್ಳಿಹಾಕುವುದೂ ಸುಲಭವಾಗುತ್ತದೆ. ಅಮೆರಿಕದ ಕಾನೂನು ವಿದ್ವಾಂಸರಾದ ಚೆಸ್ನಿ ಮತ್ತು ಸಿಟ್ರನ್ ಇದನ್ನು ಸುಳ್ಳುಗಾರನಿಗೆ ದೊರೆಯುವ ಲಾಭಾಂಶವೆಂದು ಕರೆದಿದ್ದಾರೆ. ಏಟು ತಿಂದವನೊಬ್ಬ ತನ್ನ ಮೊಬೈಲಿನಲ್ಲಿ ಹಿಡಿದ ದೃಶ್ಯವನ್ನು ಪತ್ರಿಕಾ ಕಚೇರಿಗೆ ತಂದಾಗ, ಉಪಕರಣವು ತಪ್ಪಾಗಿ ಕೆಂಪು ಗುರುತು ತೋರಿದರೆ, ಅಲ್ಲಿ ಕುಳಿತ ವರದಿಗಾರನು ಎದ್ದು ಅವನ ಊರಿಗೆ ಹೋಗಿ ಕೇಳಿಬರುವನೇ?