ಕೂದಲೋ, ನಾಚಿಕೆಯೋ?

ಮೈಮೇಲಿನ ಕೂದಲಿನಲ್ಲಿ ಎಂಥಾ ತತ್ವ ಅಂತ ನಗಬೇಡಿ, ಗೆಳೆಯರೇ. ಒಬ್ಬರ ಮೈಯನ್ನು ಹೊಲಸು ಅನ್ನುವ ಹಕ್ಕು ಯಾರದು ಅನ್ನುವುದೇ ನಮ್ಮ ಹಳೇ ಜಗಳ.

ಬ್ಲೇಡಿನಲ್ಲಿ ತೆಗೆದ ಕೂದಲು ಕೆಲವೇ ದಿನಕ್ಕೆ ಬರುತ್ತದೆ. ವ್ಯಾಕ್ಸಿನಲ್ಲಿ ಕಿತ್ತದ್ದು ಕೆಲವು ವಾರಕ್ಕೆ. ಲೇಸರ್ ಬುಡವನ್ನೇ ಸುಡುತ್ತದೆ. ಆದರೂ ತಗ್ಗಿಸುತ್ತದೆಯೇ ಹೊರತು ಪೂರ್ತಿ ನಿಲ್ಲಿಸುವುದಿಲ್ಲ. ಒಂದೊಂದೇ ಕೂದಲ ಬುಡಕ್ಕೆ ಸೂಜಿಯಿಂದ ಕರೆಂಟು ಹಾಯಿಸುವ ಎಲೆಕ್ಟ್ರಾಲಿಸಿಸ್ ಶಾಶ್ವತ. ಲೇಸರಿನ ಬೆಳಕು ಹುಡುಕುವುದು ಕಪ್ಪನ್ನು. ತಕ್ಕ ಯಂತ್ರ, ಬಲ್ಲ ಕೈ ಇಲ್ಲದಿದ್ದರೆ ಕೂದಲಿನ ಜೊತೆ ನಮ್ಮಂಥವರ ಕಪ್ಪು ಚರ್ಮವೂ ಸುಡುತ್ತದೆ.

ಈ ನಾಚಿಕೆಗೂ ಒಂದು ಚರಿತ್ರೆಯಿದೆ. 1915ರಲ್ಲಿ ಅಮೆರಿಕದ ಜಿಲೆಟ್ ಕಂಪನಿ ಹೆಂಗಸರಿಗೆಂದೇ ರೇಜರ್ ತಂದಿತು. ಕಂಕುಳ ಕೂದಲು ನಾಚಿಕೆಗೇಡು ಅಂತ ಜಾಹೀರಾತುಗಳು ಕಲಿಸಿದವು. 1920ರ ದಶಕದಲ್ಲಿ ಅಲ್ಲಿನ ಸಲೂನುಗಳು ಶಾಶ್ವತ ಪರಿಹಾರ ಅಂತ ಎಕ್ಸ್‌ರೇ ಹಾಯಿಸಿದವು. ಕೂದಲು ಹೋಯಿತು, ವರ್ಷಗಳ ಮೇಲೆ ಎಷ್ಟೋ ಹೆಂಗಸರಿಗೆ ಕ್ಯಾನ್ಸರ್ ಬಂತು.

ಹಾಗಂತ ಬೇಡವೇ ಬೇಡ ಅನ್ನೋಕೆ ನಾವ್ಯಾರು? ಹಾರ್ಮೋನಿನ ಏರುಪೇರಿನಿಂದ ಗಡ್ಡ ಬಂದು ಬೀದಿಯ ನಗೆಗೆ ಬೇಯುವ ಹೆಣ್ಣಿಗೆ, ಹೆಣ್ಣಾಗಿ ಬಾಳಲು ಹೊರಟ ಮಂಗಳಮುಖಿ ಅಕ್ಕನಿಗೆ ಶಾಶ್ವತ ದಾರಿಯೇ ಬಿಡುಗಡೆಯಾಗಬಹುದು.

ಪ್ರಶ್ನೆ ಇಷ್ಟೇ: ಕೂದಲು ಬೇಡವಾದದ್ದು ಅವಳಿಗೋ, ನೋಡುವ ಕಣ್ಣಿಗೋ? ಬ್ಲೇಡು ಮನಸ್ಸು ಬದಲಿಸಲು ಬಿಡುತ್ತದೆ. ಶಾಶ್ವತ ಉಪಾಯ ಬಿಡುವುದಿಲ್ಲ. ಉತ್ತರ ಅವಳದೇ ಆದರೆ ಬುಡಸಮೇತ ಹೋಗಲಿ. ಬೇರೆಯವರು ಹೊರಿಸಿದ ನಾಚಿಕೆಯಾದರೆ, ಮೊದಲು ಸುಡಬೇಕಾದ್ದು ಆ ನಾಚಿಕೆಯ ಬುಡವನ್ನು.